ದುರುಗವ್ವ ಮರೆತ ಅಕ್ಕಿ

ಇತ್ತೀಚೆಗೆ ಒಂದು ಥರದ ಪುಸ್ತಕಗಳು ಬರುತ್ತಿವೆ. ಯಾರೋ ಎಡವಿ ಬಿದ್ದರು, ಬಿದ್ದಲ್ಲಿ ನಿಧಿ ಸಿಕ್ಕಿತು. ಯಾರೋ ಒಲೆ ಆರಿಸುವುದನ್ನು ಮರೆತರು, ಹೊಸ ತಿಂಡಿ ಹುಟ್ಟಿತು. ಓದಿದವರಿಗೆ ತಾವೂ ಒಂದು ಸಲ ಎಡವಿದರೆ ಸಾಕು ಅನ್ನಿಸುತ್ತದೆ, ಬರೆದವರಿಗೆ ಹಾರ ತುರಾಯಿ ಸಿಗುತ್ತದೆ. ನಡುವೆ ಮೈ ಮುರಿದು ದುಡಿದವರ ಗತಿ ಏನಾಯಿತು ಅಂತ ಕೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಕೂತು ಬಸವಕಿರಣ್ ಬರೆದ ‘ಎಡವಿದಲ್ಲೇ ಹೊನ್ನು’ ಅಂಥದೇ ಪುಸ್ತಕ. ಅದರ ಏಳನೇ ಅಧ್ಯಾಯ ದುರುಗವ್ವನ ಬಗ್ಗೆ.

ದುರುಗವ್ವನಿಗೆ ಓದು ಬಾರದು. ಹರಿಹರದ ಮನೆಯಲ್ಲಿ, ಹೊಸಿಲ ಮೇಲೆ ಕೂತು, ಮಗಳು ರೇಖಾ ಓದಿ ಹೇಳಿದಳು. ರೇಖಾ ಅಂಗನವಾಡಿ ಟೀಚರು. ಮಕ್ಕಳಿಗೆ ಓದುವಂತೆ ಬಿಡಿಸಿ ಬಿಡಿಸಿ ಓದುತ್ತಿದ್ದವಳು ಒಂದು ಕಡೆ ಗಕ್ಕನೆ ಓದು ನಿಲ್ಲಿಸಿದಳು.

“ಮುಂದೆ ಓದು,” ಅಂದಳು ದುರುಗವ್ವ.

“ಬ್ಯಾಡ ಬಿಡು ಯವ್ವ.”

“ಓದು ಅಂದ್ನಲ್ಲ.”

ರೇಖಾ ಓದಿದಳು: ‘ದುರುಗವ್ವ ಎಂಬ ಮರೆಗುಳಿ ಹೆಂಗಸು. ಮಂಡಕ್ಕಿ ಹುರಿಯುವ ಭಟ್ಟಿಯ ಮೂಲೆಯಲ್ಲಿ ಕೂತು ಸದಾ ಹಸಿ ಅಕ್ಕಿ ಮೆಲ್ಲುವ ಮುಗ್ಧೆ. ಒಂದು ದಿನ ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಹುರಿಯಲು ಕಳಿಸುವುದನ್ನೇ ಮರೆತಳು. ಅದೃಷ್ಟ ಮಾತ್ರ ಅವಳನ್ನು ಮರೆಯಲಿಲ್ಲ! ಹದಿನೆಂಟು ಗಂಟೆಯ ಆ ಮರೆವಿನಿಂದಲೇ ನಮ್ಮೂರಿನ ಗರಿಗರಿ ಮಂಡಕ್ಕಿ ಹುಟ್ಟಿತು.’

ದುರುಗವ್ವನ ಮೈ ಉರಿದುಹೋಯಿತು. ಬೈಯಲಿಲ್ಲ, ಅಳಲಿಲ್ಲ. ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡು ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟಳು.

ಅವಳ ಸಿಟ್ಟಿಗೆ ಕಾರಣ ತಿಳಿಯಬೇಕಾದರೆ ಇಪ್ಪತ್ತೈದು ವರ್ಷ ಹಿಂದೆ ಹೋಗಬೇಕು.

ದುರುಗವ್ವ ಸಾರಥಿ ಅನ್ನುವ ಹಳ್ಳಿಯ ಹೆಣ್ಣುಮಗಳು. ಹರಿಹರಕ್ಕೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ದಿನಾ ಬಸ್ಸು ಹತ್ತಿ ದಾವಣಗೆರೆಯ ಉಜ್ಜನಪ್ಪ ಸಾವ್ಕಾರರ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗತೊಡಗಿದಳು. ಅವಳ ಪಾಲಿಗೆ ಬಂದದ್ದು ಉಪ್ಪುನೀರಿನ ಕೆಲಸ. ಅಕ್ಕಿಗೆ ಉಪ್ಪುನೀರು ಬೆರೆಸಿ, ಒಂದೆರಡು ತಾಸು ಬಿಟ್ಟು, ಕಾದ ಮರಳಿನಲ್ಲಿ ಹುರಿಯುವವರಿಗೆ ಕಳಿಸಬೇಕು. ಅಷ್ಟೇ. ಅದಕ್ಕೆ ತಲೆ ಬೇಕಿಲ್ಲ, ರಟ್ಟೆ ಇದ್ದರೆ ಸಾಕು ಅಂತ ಸಾವ್ಕಾರರೇ ಹೇಳುತ್ತಿದ್ದರು.

ಆದರೆ ಆಗಿನ ಮಂಡಕ್ಕಿಗೆ ಒಂದು ರೋಗವಿತ್ತು. ಬೆಳಗ್ಗೆ ಗರಿಗರಿ ಇದ್ದದ್ದು ಸಂಜೆಯ ಹೊತ್ತಿಗೆ ಮೆತ್ತಗಾಗುತ್ತಿತ್ತು. ಹರಿಹರದ ಅಂಗಡಿಯವರು ದುರುಗವ್ವ ಬಸ್ಸಿಳಿಯುವುದನ್ನೇ ಕಾಯುತ್ತಿದ್ದು, “ಏನವ್ವಾ, ನಿಮ್ ಸಾವ್ಕಾರ್ರು ಹತ್ತಿ ಮಾರಾಕ್ ಹತ್ಯಾರೇನು?” ಅಂತ ಆಡಿಕೊಳ್ಳುತ್ತಿದ್ದರು. ಸಾವ್ಕಾರರಿಗೆ ಆಗದ ಅವಮಾನ ಅವಳಿಗೆ ಆಗುತ್ತಿತ್ತು. ತನ್ನ ಕೈಯಿಂದ ಹೋದ ಮಾಲು ಅದು, ಅದನ್ನು ಹತ್ತಿ ಅನ್ನುತ್ತಾರಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಮೂರು ವರ್ಷ ಅವಳು ಆ ರೋಗದ ಬೆನ್ನು ಹತ್ತಿದಳು. ದಿನಾ ಒಂದು ಹಿಡಿ ಅಕ್ಕಿಯನ್ನು ಉಪ್ಪಿನ ಚೀಲಗಳ ಹಿಂದೆ ಮುಚ್ಚಿಟ್ಟು, ಒಂದು ದಿನ ನಾಲ್ಕು ತಾಸು, ಇನ್ನೊಂದು ದಿನ ಹತ್ತು ತಾಸು, ಒಮ್ಮೆ ಒಣ ಗೋಣಿ ಹೊದಿಸಿ, ಒಮ್ಮೆ ಒದ್ದೆ ಗೋಣಿ ಹೊದಿಸಿ, ಕಣ್ಣು ತಪ್ಪಿಸಿ ಕಾದ ಮರಳಿಗೆ ಹಾಕಿ ನೋಡಿದಳು. ಹದ ನೋಡುತ್ತಿದ್ದದ್ದು ಎಡದವಡೆಯ ಒಂದು ಹಲ್ಲಿನಲ್ಲಿ. ಕಾಳು ಕಟ್ ಅಂತ ಮುರಿದರೆ ಇನ್ನೂ ಆಗಿಲ್ಲ. ಹಿಟ್ಟಾದರೆ ಕೆಟ್ಟಿತು. ಹಲ್ಲಿಗೆ ಒಂದಿಷ್ಟು ಬಗ್ಗಿ ಆಮೇಲೆ ಸೀಳಬೇಕು. ಬೇಸಿಗೆಯಲ್ಲಿ ಅದು ಬೇಗ ಬರುತ್ತದೆ, ತಂಪುಗಾಳಿಯಲ್ಲಿ ತಡವಾಗುತ್ತದೆ, ಹಳೇ ಭತ್ತದ್ದೊಂದು ಲೆಕ್ಕ, ಹೊಸ ಭತ್ತದ್ದೊಂದು. ಗಡಿಯಾರಕ್ಕೆ ಅದು ತಿಳಿಯುವುದಿಲ್ಲ. ಅವಳು ಹೀಗೆ ಕಾಳು ಕಚ್ಚುತ್ತ ಕೂತಿದ್ದನ್ನು ನೋಡಿದವರು, ಈಕೆಗೆ ಹಸಿ ಅಕ್ಕಿ ತಿನ್ನುವ ಚಟ ಅಂದುಕೊಂಡರು.

ಕೊನೆಗೆ ಒಂದು ದಿನ ಧೈರ್ಯ ಮಾಡಿ ಪೂರ್ತಿ ಒಂದು ಚೀಲದ ಅಕ್ಕಿಯನ್ನು ಹಿಂದಿನ ಮಧ್ಯಾಹ್ನವೇ ಕಲಸಿ, ಒದ್ದೆ ಗೋಣಿ ಹೊದಿಸಿಟ್ಟು ಮನೆಗೆ ಹೋದಳು. ಮರುದಿನ ಬೆಳಗ್ಗೆ ಬರುವಷ್ಟರಲ್ಲಿ ಉಜ್ಜನಪ್ಪ ಸಾವ್ಕಾರರು ಆ ಗೋಣಿ ಎತ್ತಿ ಹಿಡಿದು ನಿಂತಿದ್ದರು.

“ಯಾರ ಕೆಲ್ಸ ಇದು? ಒಂದು ಚೀಲ ಅಕ್ಕಿ ಹಾಳ್ ಮಾಡೀರಲ್ಲ, ನಿಮ್ಮಪ್ಪನ ಮನೀದಾ?”

ಆ ಭಟ್ಟಿಯ ಕಟ್ಟುಪಾಡು ದುರುಗವ್ವನಿಗೆ ಗೊತ್ತಿತ್ತು. ಹಿಂದಿನ ವರ್ಷ ಮರಿಯವ್ವ ಅನ್ನುವವಳು ತನಗೆ ತೋಚಿದಂತೆ ಉಪ್ಪು ಹೆಚ್ಚು ಮಾಡಿದಳು ಅಂತ ಅವತ್ತೇ ಅವಳನ್ನು ಹೊರಗೆ ಹಾಕಿದ್ದರು. ಕೆಲಸದವರು ಮರೆತರೆ ಬೈಗುಳ, ಯೋಚನೆ ಮಾಡಿದರೆ ಗೇಟ್‌ಪಾಸ್. ಮನೆಯಲ್ಲಿ ರೇಖಾ ಇನ್ನೂ ಎರಡನೇ ಕ್ಲಾಸು.

“ಮರ್ತು ಬಿಟ್ಟಿದ್ದೆ ಸಾವ್ಕಾರ್ರೆ,” ಅಂದಳು.

ಸಾವ್ಕಾರರು ಬಾಯಿಗೆ ಬಂದಂತೆ ಬೈದರು. ಚೆಲ್ಲಲು ಮನಸ್ಸು ಬಾರದೆ ಅದನ್ನೇ ಹುರಿಯಲು ಹೇಳಿದರು. ಮರಳಿನಿಂದ ಎದ್ದ ಮಂಡಕ್ಕಿ ಮಲ್ಲಿಗೆ ಮೊಗ್ಗಿನಷ್ಟು ದಪ್ಪ, ಅಷ್ಟೇ ಬಿಳುಪು. ಮಾರನೇ ದಿನವೂ ಗರಿಗರಿ. ಸಾವ್ಕಾರರು ಕೈ ಮುಗಿದು, “ಎಲ್ಲಾ ಶಿವನ ದಯೆ,” ಅಂದರು. ಸಿಕ್ಕಸಿಕ್ಕವರ ಮುಂದೆ, ಈ ಹೆಂಗಸು ಮರೆತಳು, ನಮ್ಮ ದಿನ ತಿರುಗಿತು ಅಂತ ಹೇಳಿ ನಕ್ಕರು. ದುರುಗವ್ವನೂ ನಕ್ಕಳು. ಹೊಟ್ಟೆಪಾಡಿಗಾಗಿ ನಕ್ಕ ಆ ನಗುವೇ ಅವಳಿಗೆ ಮುಳುವಾಯಿತು. ಮುಂದೆ ಇಪ್ಪತ್ತೆರಡು ವರ್ಷ, ಅವಳು ಕಾಳು ಕಚ್ಚಿ “ಆತು, ತಗೀರಿ” ಅಂದ ಮೇಲೇ ಆ ಭಟ್ಟಿಯಲ್ಲಿ ಅಕ್ಕಿ ಒಲೆ ಹತ್ತುತ್ತಿತ್ತು. ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ.

ಉಜ್ಜನಪ್ಪನವರು ಹೋದ ಮೇಲೆ ಭಟ್ಟಿ ಮಗ ಕೊಟ್ಟೂರೇಶನ ಕೈಗೆ ಬಂತು. ಆತ ಊರ ಹೊರಗಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಮಷೀನಿನ ದೊಡ್ಡ ಫ್ಯಾಕ್ಟರಿ ಕಟ್ಟಿಸಿದ. ಅಲ್ಲಿ ಉಪ್ಪುನೀರಿನ ವಿಭಾಗಕ್ಕೆ ಒಬ್ಬ ಮೇಸ್ತ್ರಿ ಬೇಕಿತ್ತು. ದುರುಗವ್ವ ತನ್ನ ಆಯುಷ್ಯದಲ್ಲಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

“ಸಣ್ಣ ಸಾವ್ಕಾರ್ರೆ, ಆ ಮೇಸ್ತ್ರಿ ಕೆಲ್ಸ ನಂಗೆ ಕೊಡ್ರಿ.”

ಕೊಟ್ಟೂರೇಶ ಪಕ್ಕದಲ್ಲಿದ್ದ ತನ್ನ ಭಾವಮೈದುನನ ಕಡೆ ನೋಡಿ ನಕ್ಕ. ಆ ಭಾವಮೈದುನನೇ ಬಸವಕಿರಣ್. “ನೋಡಪ್ಪ, ಮರೆಗುಳಿ ಕೈಗೆ ಫ್ಯಾಕ್ಟರಿ ಕೊಡ್ಬೇಕಂತೆ! ದುರುಗವ್ವ, ನಿಂದು ಆತು, ಇನ್ನ ಮನೇಲಿ ಆರಾಮಿರು. ಡಿಪ್ಲೊಮಾ ಆದ ಹುಡುಗ ಬರ್ತಾನೆ. ಬರೋ ಭಾನುವಾರ ಇವನ ಪುಸ್ತಕದ ಬಿಡುಗಡೆ ಐತೆ, ಬಂದು ಶಾಲು ಹೊದಿಸ್ಕೊಂಡು ಹೋಗು.”

ಬಿಡುಗಡೆಯ ಕರೆಯೋಲೆ ಜೊತೆ ಅವರು ಮನೆಗೆ ಕಳಿಸಿದ ಆ ಪುಸ್ತಕವನ್ನೇ ರೇಖಾ ಓದಿದ್ದು, ಅದರ ಮೇಲೆಯೇ ಸಾರಿನ ಪಾತ್ರೆ ಕೂತದ್ದು. ರೇಖಾ ಹೋಗುವುದೇ ಬೇಡ ಅಂದಳು. ದುರುಗವ್ವ ಕೇಳಲಿಲ್ಲ. “ನಾಕು ಜನರ ಮುಂದೆ ನಿಜ ಹೇಳಿ ಬರ್ತೀನಿ. ಆಮ್ಯಾಲೆ ಹೆಂಗೆ ಇಲ್ಲ ಅಂತಾರೆ ನೋಡಾನ,” ಅಂದಳು. ಮೇಸ್ತ್ರಿ ಕೆಲಸಕ್ಕಿಂತ ಹೆಚ್ಚಾಗಿ, ತಾನು ಮರೆಗುಳಿಯಲ್ಲ ಅನ್ನುವ ಒಂದು ಮಾತು ಆ ಜನರ ಬಾಯಿಂದ ಅವಳಿಗೆ ಬೇಕಿತ್ತು.

ಭಾನುವಾರ ಸಭಾಂಗಣ ತುಂಬಿತ್ತು. ಬಸವಕಿರಣ್ ಅರ್ಧ ತಾಸು ಮಾತಾಡಿದ. ಯೋಜನೆ ಹಾಕಬೇಡಿ, ತಪ್ಪುಗಳಿಗೆ ಬಾಗಿಲು ತೆರೆದಿಡಿ ಅಂದ. ಅವನು ಬರೆದು ತಂದ ಚೀಟಿಯಲ್ಲಿ ಎಲ್ಲೆಲ್ಲಿ ಕೈ ಮೇಲೆತ್ತಬೇಕು ಅನ್ನುವುದೂ ಗುರುತು ಹಾಕಿತ್ತು. ಆಮೇಲೆ ದುರುಗವ್ವನಿಗೆ ಶಾಲು ಹೊದಿಸಿ, ಎರಡು ಮಾತಾಡವ್ವ ಅಂತ ಮೈಕು ಕೊಟ್ಟರು.

“ನಾ ಏನೂ ಮರ್ತಿರಲಿಲ್ಲ,” ಅಂದಳು ದುರುಗವ್ವ. ಜನ ನಕ್ಕರು. ಅವಳು ನಿಲ್ಲಿಸಲಿಲ್ಲ. “ನಗಬ್ಯಾಡ್ರಿ. ಮೂರು ವರ್ಷ ದಿನಾ ಹಿಡಿ ಹಿಡಿ ಅಕ್ಕಿ ಇಟ್ಟು ನೋಡೀನಿ. ಹಲ್ಲಾಗೆ ಕಚ್ಚಿ ಹದ ಕಲ್ತೀನಿ. ಕೆಲ್ಸ ಹೋಗತೈತಂತ ಹೆದ್ರಿ ಅವತ್ತು ಮರ್ತೆ ಅಂದೆ. ಈ ಪುಸ್ತಕದಾಗೆ ಬರ್ದಿದ್ದು ಸುಳ್ಳು.”

ನಗು ನಿಂತಿತು. ಬಸವಕಿರಣ್ ಮೈಕಿಗೆ ಬಾಗಿ, ನಗುನಗುತ್ತಲೇ, “ನೋಡಿ, ಎಷ್ಟು ಮುಗ್ಧರು! ತಮ್ಮ ಅದೃಷ್ಟ ತಮಗೇ ತಿಳಿಯೋದಿಲ್ಲ,” ಅಂದ. ನಕ್ಕವರು ಈಗ ಚಪ್ಪಾಳೆ ತಟ್ಟಿದರು.

ಕೊಟ್ಟೂರೇಶ ಮಾತ್ರ ನಗಲಿಲ್ಲ. ಮೈಕನ್ನು ದೂರ ಸರಿಸಿ, ಅವಳ ಕಿವಿಗೆ ಮಾತ್ರ ಬೀಳುವಂತೆ ಹೇಳಿದ: “ಹಂಗಾದ್ರೆ ನಮ್ಮಪ್ಪನ ಅಕ್ಕಿ ಮೂರು ವರ್ಷ ಕದ್ದೀ ಅಂತಾತು. ಸುಳ್ಳೂ ಹೇಳೀ. ಮರೆಗುಳಿ ಆಗ್ತೀಯೋ ಕಳ್ಳಿ ಆಗ್ತೀಯೋ, ನೀನೇ ಹೇಳು. ಮರ್ಯಾದೆಯಿಂದ ಶಾಲು ತಗೊಂಡು ನಡಿ.”

ಈ ಕೊಟ್ಟೂರೇಶ ಮೂರು ವರ್ಷದವನಿದ್ದಾಗ ಭಟ್ಟಿಗೆ ಬಂದರೆ, ಮರಳು ಸಿಡಿದೀತು ಅಂತ ಸೆರಗಿನಲ್ಲಿ ಮುಚ್ಚಿ ಎತ್ತಿಕೊಂಡು ಓಡಾಡಿದವಳು ದುರುಗವ್ವ. ಅವಳು ಅವನ ಮುಖಕ್ಕೆ ಉಗಿಯಲಿಲ್ಲ. ಉಗಿದಿದ್ದರೆ ತಪ್ಪಿರಲಿಲ್ಲ. ಶಾಲನ್ನು ಮಡಿಸಿ ಬಸವಕಿರಣ್‌ನ ಕುರ್ಚಿಯ ಮೇಲೆ ಇಟ್ಟು, ಮೆಟ್ಟಿಲಿಳಿದು ಹರಿಹರದ ಬಸ್ಸು ಹತ್ತಿದಳು.

ಕರೂರಿನಲ್ಲಿ ಮಷೀನುಗಳು ತಿರುಗಿದವು. ಡಿಪ್ಲೊಮಾದ ಹುಡುಗ ಪುಸ್ತಕದ ಏಳನೇ ಅಧ್ಯಾಯ ನೋಡಿ ಅಕ್ಕಿ ನೆನೆದು ಹದಿನೆಂಟು ತಾಸು ಆದ ಕೂಡಲೇ ಗಂಟೆ ಬಾರಿಸುವ ಏರ್ಪಾಡು ಮಾಡಿದ. ಬೇಸಿಗೆ ಹೇಗೋ ದಾಟಿತು. ಆಷಾಢದ ಥಂಡಿಗಾಳಿ ಬೀಸಿತು ನೋಡಿ, ಮಂಡಕ್ಕಿ ಬೆಳಗಿನ ಹತ್ತಕ್ಕೇ ಮೆತ್ತಗಾಗತೊಡಗಿತು. ಇಪ್ಪತ್ತು ಗಂಟೆ ಮಾಡಿದರು, ಹದಿನಾರು ಮಾಡಿದರು. ಮಷೀನ್ ಕಂಪನಿಯವನನ್ನು ಕರೆಸಿ ಬೈದರು. ಮೂರು ವಾರದಲ್ಲಿ ಅಂಗಡಿಗಳಿಂದ ಲಾರಿಗಟ್ಟಲೆ ಮಾಲು ವಾಪಸ್ಸು ಬಂತು. ಹತ್ತಿ ಮಾರುವವರು ಅನ್ನುವ ಹಳೇ ಮಾತು ಹೊಸ ಬೋರ್ಡಿನ ಕೆಳಗೆ ಬಂದು ಕೂತಿತು.

ಒಂದು ಮಧ್ಯಾಹ್ನ ದುರುಗವ್ವನ ಮನೆ ಮುಂದೆ ಕಾರು ನಿಂತಿತು. ಕೊಟ್ಟೂರೇಶ ಸೇಬಿನ ಬುಟ್ಟಿ ಹಿಡಿದು ಇಳಿದ. ಹಿಂದೆ ಬಸವಕಿರಣ್.

“ಬರ್ರಿ, ಕೂಡ್ರಿ,” ಅಂದಳು ದುರುಗವ್ವ. ಮನೆಗೆ ಬಂದವರನ್ನು ಬೈದು ಕಳಿಸುವ ಪದ್ಧತಿ ಅವರ ಕಡೆ ಇಲ್ಲ. ರೇಖಾ ಮುಖ ಗಂಟಿಕ್ಕಿಕೊಂಡೇ ಚಾಪೆ ಹಾಸಿದಳು.

“ದುರುಗವ್ವ, ಅವತ್ತು ಬಾಯ್ತಪ್ಪಿ ಏನೋ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ,” ಅಂದ ಕೊಟ್ಟೂರೇಶ. “ನೀ ಹಳಬಳು. ಎರಡು ದಿನ ಬಂದು ಹುಡುಗ್ರಿಗೆ ಒಂಚೂರು ತೋರ್ಸಿ ಹೋಗು. ಕಾರು ಕಳಿಸ್ತೀನಿ.”

“ಮೇಸ್ತ್ರಿ ಕೆಲ್ಸಕ್ಕಾ?”

ಕೊಟ್ಟೂರೇಶ ಬಸವಕಿರಣ್‌ನ ಮುಖ ನೋಡಿದ. “ಮೇಸ್ತ್ರಿ ಅದಾನಲ್ಲ. ನೀ ಸುಮ್ನೆ ಹೇಳ್ಕೊಟ್ರೆ ಸಾಕು.”

“ಹಂಗಾದ್ರೆ ಅವತ್ತು ಸ್ಟೇಜ್ ಮ್ಯಾಲೆ ನಾ ಹೇಳಿದ್ದು ನಿಜ ಅಂತ ಒಪ್ಕೊಂಡ್ರಿ?”

ಬಸವಕಿರಣ್ ಚಾಪೆಯ ಮೇಲೆ ಮುಂದೆ ಸರಿದು, “ಪುಸ್ತಕ ಎರಡನೇ ಸಲ ಅಚ್ಚಾಗ್ತಿದೆ ಅವ್ವ. ಜನಕ್ಕೆ ಆ ಅಧ್ಯಾಯವೇ ಇಷ್ಟ. ಅದು ಹಂಗೇ ಇರಲಿ, ಇದು ನಮ್ಮ ನಮ್ಮಲ್ಲೇ ಇರಲಿ,” ಅಂದ.

ದುರುಗವ್ವ ಎದ್ದು ಒಳಗೆ ಹೋದಳು. ಹಿತ್ತಲಲ್ಲಿ ಕಬ್ಬಿಣದ ಬಾಣಲೆ, ಒಂದಿಷ್ಟು ಮರಳು ಇಟ್ಟುಕೊಂಡು ಮನೆಮಟ್ಟಿಗೆ ಅವಳು ಹುರಿಯುತ್ತಿದ್ದದ್ದುಂಟು. ಎರಡು ತಟ್ಟೆಯಲ್ಲಿ ಮಂಡಕ್ಕಿ, ಮೇಲೆ ಒಂದೊಂದು ಮೆಣಸಿನಕಾಯಿ ಬಜ್ಜಿ ಇಟ್ಟು ತಂದಳು. ಹೊರಗೆ ಜಡಿಮಳೆ, ಗೋಡೆಯೇ ಒದ್ದೆಯಾಗಿತ್ತು.

ಕೊಟ್ಟೂರೇಶ ಮರ್ಯಾದೆಗೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಕರುಂ ಅಂದಿತು. ಇನ್ನೊಂದು ಹಿಡಿ ತುಂಬ ಹಾಕಿಕೊಂಡ. ಮತ್ತೆ ಕರುಂ. ಅವನ ದವಡೆ ನಿಂತಿತು.

“ಇವತ್ತಿಂದಾ?”

“ಮೊನ್ನೇದು.”

“ಈ ಗಾಳಿಯಾಗೆ? ಹೆಂಗೆ ಮಾಡ್ದಿ ಇದನ್ನ? ಎಷ್ಟು ತಾಸು ಇಟ್ಟಿದ್ದಿ, ಹೇಳು!”

ದುರುಗವ್ವ ಸೆರಗಿನಿಂದ ಕೈ ಒರೆಸಿಕೊಂಡು ಅವನ ಎದುರು ಕೂತಳು. ಇಪ್ಪತ್ತೆರಡು ವರ್ಷದ ಹಿಂದೆ ಅವನ ಅಪ್ಪನ ಮುಂದೆ ಬಗ್ಗಿಸಿದ್ದ ತಲೆಯನ್ನು ಈ ಸಲ ಬಗ್ಗಿಸಲಿಲ್ಲ.

“ಮರ್ತು ಬಿಟ್ಟಿದ್ದೆ ಸಾವ್ಕಾರ್ರೆ, ತಾನಾಗೇ ಆತು,” ಅಂದಳು. ತಟ್ಟೆಯನ್ನು ಅವನ ಕಡೆ ಇನ್ನಷ್ಟು ಸರಿಸಿದಳು. “ತಿನ್ರಿ. ಸಂಜೀತನಕ ಇಟ್ರೂ ಮೆತ್ತಗಾಗಲ್ಲ.”