ಲ್ಯಾಬಿಗೆ ಕಳಿಸಿದ ನೀರು

ನಾನು ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ನಮ್ಮ ಹಳೇಬೀಡಿನಲ್ಲಿ ತಪ್ಪದೆ ಬರುವ ಪ್ರಶ್ನೆ, ‘ಇನ್ನೂ ಮುಗೀಲಿಲ್ವಾ?’ ಮುಗಿದಿಲ್ಲ. ಇದು ಆರನೇ ವರ್ಷ. ಏನು ಓದುತ್ತೀಯ ಎಂದು ಕೇಳಿದವರಿಗೆ ನ್ಯಾನೊ ನಾರು, ಪೊರೆ ಎಂದೆಲ್ಲ ಹೇಳಿ ನೋಡಿ ಸಾಕಾಗಿ, ಈಗ ‘ನೀರು ಸೋಸೋ ಬಟ್ಟೆ ಮಾಡ್ತೀನಿ’ ಎಂದಷ್ಟೇ ಹೇಳುತ್ತೇನೆ. ‘ಅದಕ್ಕೆ ಆರು ವರ್ಷ ಬೇಕಾ? ಹಳೇ ಪಂಚೆ ತುಂಡು ಸಾಕಲ್ಲ’ ಎನ್ನುತ್ತಾರೆ. ಕೆಲವು ದಿನ ನನಗೂ ಹಾಗೇ ಅನಿಸುತ್ತದೆ.

ವಿಶ್ವವಿದ್ಯಾಲಯದ ನಮ್ಮ ಲ್ಯಾಬಿನಲ್ಲಿ ಒಂದು ಯಂತ್ರವಿದೆ. ಪಾಲಿಮರ್ ಕರಗಿಸಿದ ಅಂಟು ದ್ರಾವಣವನ್ನು ಸಿರಿಂಜಿಗೆ ತುಂಬಿ ಸೂಜಿಗೆ ಭಾರಿ ವೋಲ್ಟೇಜ್ ಕೊಟ್ಟರೆ, ಅದರ ತುದಿಯಿಂದ ಕೂದಲಿಗಿಂತ ಎಷ್ಟೋ ತೆಳುವಾದ ಎಳೆ ಚಿಮ್ಮಿ ಎದುರಿನ ಉರುಳೆಗೆ ಸುತ್ತಿಕೊಳ್ಳುತ್ತದೆ. ಎಳೆಯ ಮೇಲೆ ಎಳೆ ಕೂತು ಬಿಳಿ ಹಾಳೆಯಾಗುತ್ತದೆ; ಅದೇ ಪೊರೆ. ಆ ಎಳೆಗಳಲ್ಲಿ ಸೇರಿಸಿದ ಅಲ್ಯೂಮಿನಾ ಕಣಗಳು ನೀರಿನಲ್ಲಿದ್ದು ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತರೆ, ಮಳೆ ಬಂದು ಗಾಳಿಯಲ್ಲಿ ತೇವ ಹೆಚ್ಚಿದ ದಿನ ಎಳೆಯ ಬದಲು ಗಂಟುಗಳು ಬರುತ್ತವೆ. ಒಣ ಹವೆಯ ದಿನ ಸೂಜಿ ಕಟ್ಟಿಕೊಳ್ಳುತ್ತದೆ. ಎರಡೂ ಸರಿಯಿದ್ದ ದಿನ ಕರೆಂಟು ಹೋಗುತ್ತದೆ. ಅಂಗೈಯಗಲದ ಹಾಳೆಗಾಗಿ ಇಡೀ ದಿನ ಸೂಜಿ ಕಾಯುತ್ತಾ ಕೂರುವ ನನಗೆ ತಾಳ್ಮೆ ಬಂದಿರಬೇಕು ಎಂದು ಜನ ತಿಳಿದಿದ್ದಾರೆ. ಇದ್ದದ್ದೂ ಹೋಗಿದೆ.

ಅಂತೂ ಪೊರೆ ಲ್ಯಾಬಿನಲ್ಲಿ ಕೆಲಸ ಮಾಡಿತು. ‘ನೀವೇ ಫ್ಲೋರೈಡ್ ಬೆರೆಸಿದ ನೀರು ಸಾಲದು, ಜನ ಬಳಸೋ ಬೋರ್‌ವೆಲ್ ನೀರಲ್ಲಿ ತೋರಿಸಿ’ ಎಂದರು ಗೈಡ್. ಅದಕ್ಕೆ ನಾನು ದೂರ ಹುಡುಕಬೇಕಾಗಿರಲಿಲ್ಲ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಬಾಣಾವರದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಅಲ್ಲಿಯ ಬೋರ್ ನೀರು ಎಂಥದ್ದು ಎನ್ನುವುದು ಆ ಊರಿನವರು ನಕ್ಕರೆ ಹಲ್ಲಿನ ಕಂದು ಕಲೆಗಳಲ್ಲೇ ಕಾಣುತ್ತದೆ. ಮೊದಲ ಬಾಟಲಿಯನ್ನು ನಾನೇ ತುಂಬಿಸಿ ತಂದು ಅಳೆದೆ. ಫ್ಲೋರೈಡ್ ಬೇಕಾದಷ್ಟಿತ್ತು. ಪಾಪದ ಮಾತು, ಆದರೆ ಅವತ್ತು ನನಗೆ ಖುಷಿಯಾಯಿತು.

ಸ್ಟೀಲ್ ಫಿಲ್ಟರಿನೊಳಗೆ ಪೊರೆ ಕೂರಿಸಿ ದೊಡ್ಡಮ್ಮನ ಅಡುಗೆಮನೆಯಲ್ಲಿಟ್ಟೆ. ಪ್ರತಿ ಸೋಮವಾರ ಒಂದು ಕೊಡ ಬೋರ್ ನೀರು ಅದಕ್ಕೆ ಹಾಕಬೇಕು. ಹಾಕುವ ಮುಂಚಿನ ನೀರು ಕೆಂಪು ಮುಚ್ಚಳದ ಬಾಟಲಿಗೆ, ಸೋಸಿ ಬಂದದ್ದು ನೀಲಿ ಮುಚ್ಚಳದ್ದಕ್ಕೆ. ‘ಸೋಸಿದ ನೀರನ್ನ ಯಾರೂ ಕುಡೀಬೇಡಿ, ಇದಕ್ಕಿನ್ನೂ ಒಪ್ಪಿಗೆ ಸಿಕ್ಕಿಲ್ಲ’ ಎಂದು ಎರಡೆರಡು ಸಲ ಹೇಳಿದೆ. ‘ಆಯ್ತು ಕಣೇ, ಎಷ್ಟ್ ಸಲ ಏಳ್ತೀಯಾ’ ಎಂದಳು ದೊಡ್ಡಮ್ಮ.

ನಾಲ್ಕು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋಗಿ, ಅವಳು ಸಾಲಾಗಿ ಜೋಡಿಸಿಟ್ಟ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಅರಸೀಕೆರೆಯಲ್ಲಿ ರೈಲು ಹತ್ತುತ್ತಿದ್ದೆ. ಎಲ್ಲವನ್ನೂ ಒಟ್ಟಿಗೆ ಅಳೆಯೋಣವೆಂದು ಕೂಡಿಟ್ಟದ್ದು ನನ್ನ ಬುದ್ಧಿವಂತಿಕೆ. ಅಳೆದರೆ ಕೆಂಪು ಮುಚ್ಚಳದ್ದರಲ್ಲೂ ಫ್ಲೋರೈಡ್ ಇಲ್ಲ, ನೀಲಿಯದರಲ್ಲೂ ಇಲ್ಲ! ಮೀಟರ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಪಕ್ಕದ ಲ್ಯಾಬಿನ ಮೀಟರ್ ಕೂಡ ಅದನ್ನೇ ಹೇಳಿತು.

ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಏನ್ರೀ ಇದು? ಮೊದಲನೇ ಬಾಟ್ಲಿ ಒಂದು ಹೇಳುತ್ತೆ, ಮಿಕ್ಕಿದ್ದೆಲ್ಲ ಇನ್ನೊಂದು. ಎಲ್ಲಿ, ಹಾಸ್ಟೆಲಿನ ನಲ್ಲೀಲಿ ತುಂಬಿಸಿದ್ರಾ?’ ತಿಂಗಳ ಕೊನೆಯೊಳಗೆ ಈ ಅಧ್ಯಾಯ ಕೊಡದಿದ್ದರೆ ನನ್ನ ನೋಂದಣಿಯೇ ರದ್ದಾಗುತ್ತದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಉಳಿದದ್ದು ಎರಡೂವರೆ ವಾರ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಊರಿಗೆ ಬಂದು, ಮಾರನೆಯ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಯಾರ ಮೇಲೆ ಕೂಗಾಡಬೇಕೆಂದು ಯೋಚಿಸುತ್ತಲೇ ಹೋದೆ. ದೊಡ್ಡಮ್ಮ ಬಾಗಿಲಲ್ಲೇ ಸಿಕ್ಕಳು.

‘ಇವತ್ತು ನನ್ನೆದುರಿಗೇ ಬಾಟ್ಲಿ ತುಂಬ್ಸು ದೊಡ್ಡಮ್ಮ.’

ಅವಳು ಸಡಗರದಿಂದ ಒಳಗೆ ಹೋಗಿ, ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿಟ್ಟಿದ್ದ ಪ್ಲಾಸ್ಟಿಕ್ ಕ್ಯಾನನ್ನು ಬಗ್ಗಿಸಿದಳು.

‘ಇದ್ಯಾವ ನೀರು?’

‘ಶುದ್ಧ ನೀರಿನ ಘಟಕದ್ದು ಕಣೇ. ಬಸ್‌ಸ್ಟ್ಯಾಂಡ್ ತಾವ ಐತಲ್ಲ.’

‘ಬೋರ್ ನೀರು ಹಾಕು ಅಂತ ಹೇಳಿರ್ಲಿಲ್ವಾ?’

‘ನೀನೇನೋ ಏಳಿದ್ದೆ. ಆದ್ರೆ ಅಷ್ಟು ದೊಡ್ಡ ಕಾಲೇಜಿಗೆ ನಮ್ಮನೆಯಿಂದ ಆ ಉಪ್ಪು ನೀರು ಕಳ್ಸಾದಾ? ಬಂದ ನೆಂಟ್ರಿಗೇ ಕೊಡಲ್ಲ ನಾವು ಅದ್ನ. ನಿಮ್ ಮೇಷ್ಟ್ರು ಒಂದು ಗುಟುಕು ಕುಡ್ದು, ಇದೇನು ಇವಳ ಕಡೆಯೋರು ಹಿಂಗೆ ಅಂತ ನಿನ್ನ ಫೇಲ್ ಮಾಡ್ಬಿಟ್ರೆ?’ ಎನ್ನುತ್ತಾ ಫಿಲ್ಟರಿನ ಮುಚ್ಚಳ ತೆಗೆದು ತೋರಿಸಿದಳು. ‘ನೋಡು ಎಂಗಿಟ್ಕೊಂಡಿವ್ನಿ. ಒಂದು ಕಲೆ ಐತಾ?’

ಒಂದೂ ಕಲೆ ಇರಲಿಲ್ಲ. ಮುಚ್ಚಳದ ಮೇಲೆ ಅರಿಶಿನ ಕುಂಕುಮ ಮಾತ್ರ ಇತ್ತು.

ನಾನು ಕೂಗಾಡಿದೆ. ನಾಲ್ಕು ತಿಂಗಳು ಮಣ್ಣುಪಾಲು ಎಂದೆ, ಆರು ವರ್ಷದ ಓದಿಗೆ ಎಳ್ಳುನೀರು ಬಿಟ್ಟೆ ಎಂದೆ, ಹೇಳಿದಷ್ಟು ಮಾಡಲು ಏನು ಕಷ್ಟವಿತ್ತು ಎಂದೆ. ದೊಡ್ಡಮ್ಮ ಗೋಡೆ ಹಿಡಿದುಕೊಂಡು, ಮಂಡಿ ಬಗ್ಗಿಸಲಾರದೆ ಕಾಲು ಚಾಚಿ ಮೆಲ್ಲಗೆ ಕೂತಳು. ‘ತಪ್ಪಾಯ್ತು ಬಿಡು ಮಗಾ. ನಂಗೆ ತಿಳೀಲಿಲ್ಲ’ ಎಂದಳು.

ಆ ಕಾಲು ನೋಡಿ ನನಗೆ ಕೇಳಬೇಕೆನಿಸಿತು. ‘ವಾರಕ್ಕೆ ಎಷ್ಟು ಕ್ಯಾನ್ ತರಿಸ್ತೀಯ?’

‘ಒಂದೇಯ. ಪಕ್ಕದ್ಮನೆಯೋರು ಬೈಕಲ್ಲಿ ತಂದ್ಕೊಡ್ತಾರೆ. ಮಂಡಿಗೆ ಬೋರ್ ನೀರು ಆಗಲ್ಲ ಅಂತ ಅರಸೀಕೆರೆ ಡಾಕ್ಟ್ರು ಏಳಿದ್ರಲ್ಲ, ಅದುಕ್ಕೆ ನಾನೇ ಕುಡೀತಿದ್ದೆ.’

‘ಕುಡೀತಿದ್ದೆ ಅಂದ್ರೆ?’

‘ನೀನು ಇದನ್ನ ತಂದಿಟ್ಮೇಲೆ ಇದುಕ್ಕೇ ಸರಿಯಾಯ್ತು.’

ಫಿಲ್ಟರಿಗೆ ಒಂದು ಕೊಡ, ಎರಡು ಬಾಟಲಿ, ನಾನು ಬಂದಾಗ ಕುಡಿಯಲು ಒಂದಿಷ್ಟು. ಅಷ್ಟಕ್ಕೇ ವಾರದ ಕ್ಯಾನ್ ಖಾಲಿ.

‘ಸೋಸಿ ಬಂದ ನೀರು?’

‘ಯಾರೂ ಕುಡೀಬ್ಯಾಡಿ ಅಂದಿದ್ಯಲ್ಲ. ತೆಂಗಿನ ಬುಡಕ್ಕೆ ಉಯ್ತಿದ್ದೆ’ ಎಂದಳು, ಇದನ್ನಾದರೂ ಸರಿಯಾಗಿ ಮಾಡಿದ್ದೇನೆ ಎನ್ನುವ ಹಾಗೆ.

ನನ್ನ ಕೋಪಕ್ಕೆ ಹೋಗಲು ಜಾಗವೇ ಉಳಿಯಲಿಲ್ಲ. ನನ್ನ ಮೇಲೇ ಬಂತು. ಹೊರಗಿನ ನಲ್ಲಿಯಿಂದ ಒಂದು ಕೊಡ ಬೋರ್ ನೀರು ಹಿಡಿದು ತಂದೆ. ಕೆಂಪು ಮುಚ್ಚಳದ ಬಾಟಲಿ ತುಂಬಿಸಿಕೊಂಡು, ಅರ್ಧ ಕೊಡ ಫಿಲ್ಟರಿಗೆ ಹುಯ್ದೆ. ಅವತ್ತಿನಿಂದ ಎರಡು ವಾರ ಅಲ್ಲೇ ಉಳಿದು ದಿನಾ ತುಂಬಿಸಿದ ಬಾಟಲಿಗಳೇ ನನ್ನ ಅಧ್ಯಾಯವನ್ನು ಉಳಿಸಿದವು. ಪೊರೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಆ ಬೆಳಿಗ್ಗೆ ಅದು ಯಾವುದೂ ಗೊತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಫಿಲ್ಟರಿನ ನಲ್ಲಿಯಿಂದ ಹನಿ ಬೀಳುವುದನ್ನು ಕಾಯುತ್ತಿದ್ದೆವು.

ನೀರು ತೊಟ್ಟಿಕ್ಕತೊಡಗಿತು. ದೊಡ್ಡಮ್ಮ ಬಗ್ಗಿ ನೋಡಿದಳು.

‘ಇದು ಒಳ್ಳೆ ನೀರಾ?’

‘ಆಗಿರುತ್ತೆ ಅನ್ಸುತ್ತೆ.’

‘ಮತ್ತೆ ನಾನು ಕುಡೀಬೋದಾ?’

ಆರು ವರ್ಷದಿಂದ ನಾನು ಮಾಡುತ್ತಿದ್ದದ್ದು ಈ ಒಂದು ಪ್ರಶ್ನೆಗಾಗಿಯೇ.

‘ಇಲ್ಲ ದೊಡ್ಡಮ್ಮ. ಇನ್ನೂ ಇಲ್ಲ.’

‘ಸರಿ ಬಿಡು’ ಎಂದು ಅವಳು ಕ್ಯಾನಿನಲ್ಲಿ ಉಳಿದ ನೀರನ್ನೆಲ್ಲ ಒಂದು ಚೊಂಬಿಗೆ ಬಗ್ಗಿಸಿ, ಬಿಸಿಲಲ್ಲಿ ಬಂದಿದ್ದೀಯ ಎಂದು ನನ್ನ ಮುಂದಿಟ್ಟಳು. ಆಮೇಲೆ ಲೋಟವನ್ನು ಕೊಡದಲ್ಲಿದ್ದ ಬೋರ್ ನೀರಿಗೆ ಅದ್ದಿ ಗಟಗಟ ಕುಡಿದಳು.