ಬಂದ ದಿನದ ಕಾಗದ

ನಮ್ಮ ಪುತ್ತೂರಿನ ಆಸ್ಪತ್ರೆಯಲ್ಲಿ ರಾಜೀವಿಯಕ್ಕನಿಗೆ ಇಪ್ಪತ್ತಾರು ವರ್ಷದ ಸರ್ವಿಸ್, ನನಗೆ ಎಂಟು ತಿಂಗಳದ್ದು. ಆದರೆ ನನ್ನಲ್ಲಿ ಸುಳ್ಯದಲ್ಲಿ ಮಾಡಿದ ಮೆಡಿಕಲ್ ಕೋಡಿಂಗ್ ಕೋರ್ಸಿನ ಸರ್ಟಿಫಿಕೇಟ್ ಇದೆ. ಉಮ್ಮ ಅದಕ್ಕೆ ಫ್ರೇಮ್ ಹಾಕಿಸಿ ಟಿವಿಯ ಮೇಲೆ ತೂಗುಹಾಕಿದ್ದಾರೆ. ರಾಜೀವಿಯಕ್ಕ ಮಕ್ಕಳ ವಾರ್ಡಿಗೆ ಆಯಾ ಆಗಿ ಸೇರಿದವರು, ಸೊಂಟನೋವು ಬಂದ ಮೇಲೆ ರೆಕಾರ್ಡ್ ರೂಮಿನ ಕುರ್ಚಿಗೆ ಬಂದವರು.

ರೋಗಿ ಮನೆಗೆ ಹೋದ ಮೇಲೆ ಕೇಸ್ ಶೀಟ್ ಓದಿ, ಪ್ರತಿ ಕಾಯಿಲೆಗೂ ಅದರ ಕೋಡ್ ಹಾಕಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಸಾಲು ಹಿಡಿಸುವುದು ನಮ್ಮ ಕೆಲಸ. ಮದುವೆ ಊಟಕ್ಕೆ ಹಿರಿಯರನ್ನು ಕೂರಿಸಿದ ಹಾಗೆ ನಾನು ದೊಡ್ಡ ಕಾಯಿಲೆಯನ್ನೇ ಮುಂದೆ ಕೂರಿಸುತ್ತಿದ್ದೆ.

“ಎಂತ ಝಾಕಿರ್, ನ್ಯುಮೋನಿಯಾ ನಿನ್ನ ಮಾವನಾ? ಮಗು ಯಾವುದಕ್ಕೆ ಅಡ್ಮಿಟ್ ಆದದ್ದು, ಅದು ಮೊದಲು ನೋಡುದು!” ಎಂದು ರಾಜೀವಿಯಕ್ಕ ಬೈಯುತ್ತಿದ್ದರು.

ಕಳೆದ ಜುಲೈಯಲ್ಲಿ ತಪಾಸಣೆಗೆಂದು ಮಂಗಳೂರಿನಿಂದ ಸಮನ್ವಿತಾ ಮೇಡಂ ಬಂದರು. ಮಕ್ಕಳ ಉಸಿರಾಟದ ಕಾಯಿಲೆಯ ಐವತ್ತು ಫೈಲು. ಐದು ತಪ್ಪು ಸಿಕ್ಕಿದರೆ ಕೋಡಿಂಗ್ ಹೊರಗಿನ ಕಂಪನಿಗೆ, ರಾಜೀವಿಯಕ್ಕ ಸೊಂಟನೋವಿನ ಸಮೇತ ವಾಪಸ್ ವಾರ್ಡಿಗೆ. ನಲವತ್ತೊಂಬತ್ತು ಮುಗಿಯುವಾಗ ನಾಲ್ಕು ತಪ್ಪು. ನಾಲ್ಕೂ ಸರ್ಟಿಫಿಕೇಟ್ ಇದ್ದವನದ್ದೇ.

ಕೊನೆಯದು ಕಡಬದ ಒಂಬತ್ತು ತಿಂಗಳ ಮಗುವಿನದ್ದು. ಡಿಸ್ಚಾರ್ಜ್ ಕಾಗದದಲ್ಲಿ ಡಾಕ್ಟರು ನ್ಯುಮೋನಿಯಾವನ್ನು ಮೊದಲು ಬರೆದಿದ್ದರು. ರಾಜೀವಿಯಕ್ಕ ಮೊದಲು ಹಾಕಿದ್ದು ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ನಾಳಗಳ ಸೋಂಕು.

ಮೇಡಂ ಕೆಂಪು ಪೆನ್ನು ತೆಗೆದರು. “ಇದು ಐದನೆಯದ್ದು.”

ನಾನು ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸೂಚನೆಗಳನ್ನು ಶ್ರದ್ಧೆಯಿಂದ ಓದತೊಡಗಿದೆ.

“ಸ್ವಲ್ಪ ನಿಲ್ಲಿ ಮೇಡಂ,” ಎಂದರು ರಾಜೀವಿಯಕ್ಕ. “ಅದು ಮಗು ಹೋಗುವ ದಿನದ ಕಾಗದ. ಬಂದ ದಿನದ್ದು ಇಲ್ಲಿ ಉಂಟು.”

ಅವರು ಯಾವ ಫೈಲನ್ನೂ ಕೊನೆಯಿಂದ ಓದಿದವರಲ್ಲ. ಮೊದಲ ದಿನದ ನರ್ಸ್ ನೋಟ್ ಬಿಡಿಸಿದರು: ಎದೆಯಲ್ಲಿ ಸುಂಯ್ ಶಬ್ದ, ಹಾಲು ಕುಡಿಯುತ್ತಿಲ್ಲ, ಆಕ್ಸಿಜನ್ ಕೊಟ್ಟಿದೆ. ಆ ದಿನದ ಎಕ್ಸ್‌ರೇ ರಿಪೋರ್ಟಿನಲ್ಲಿ ನ್ಯುಮೋನಿಯಾದ ಗುರುತಿಲ್ಲ. ನಾಲ್ಕನೇ ದಿನದ್ದರಲ್ಲಿ ಇದೆ.

“ನ್ಯುಮೋನಿಯಾ ಇಲ್ಲಿಗೆ ಬಂದ ಮೇಲೆ ಸೇರಿಕೊಂಡದ್ದು ಮೇಡಂ. ಮಗುವನ್ನು ಕರ್ಕೊಂಡು ಬಂದದ್ದು ಅದಲ್ಲ.”

ಮೇಡಂ ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ನಿಮ್ಮದೇ ಸರಿ. ಎಲ್ಲಿ ಕಲಿತದ್ದು ನೀವು?”

“ವಾರ್ಡಿನಲ್ಲಿ. ಸಣ್ಣ ಮಕ್ಕಳಿಗೆ ಹೇಳ್ಲಿಕ್ಕೆ ಬರುದಿಲ್ಲ ಅಲ್ವಾ? ಬಂದಾಗ ಹೇಗಿತ್ತು ಅಂತ ನಾವೇ ನೋಡಿ ಇಟ್ಕೊಳ್ಬೇಕು.”

ಕೋಡಿಂಗ್ ಇಲ್ಲೇ ಉಳಿಯಿತು. ಹೊಸಬರಿಗೆ ರಾಜೀವಿಯವರೇ ಕಲಿಸಲಿ ಎಂಬ ಸಾಲೂ ವರದಿಯಲ್ಲಿ ಸೇರಿತು. ಹೊಸಬರೆಂದರೆ ಸದ್ಯಕ್ಕೆ ನಾನೊಬ್ಬನೇ. ಮೇಡಂನ ಕಾರು ಗೇಟು ದಾಟುವ ಮೊದಲೇ ನನ್ನ ನಾಲ್ಕು ಫೈಲುಗಳು ಮೇಜಿನ ಮೇಲೆ ಬಂದು ಬಿದ್ದವು.

“ಬಾ ಮಾರಾಯ, ಮೊದಲ ಪುಟದಿಂದ ಓದು. ದೊಡ್ಡ ಸ್ವರದಲ್ಲಿ.”