ಮೂರನೆಯ ಭಾಗಕ್ಕೆ ಬಿದ್ದ ಗುರುತು

ಕೃತಕ ಕಾಲು ಮಾಡುವ ಆ ಕಾರ್ಯಾಗಾರದಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ಯಜಮಾನ ಅವಳ ಮೈದುನ; ಅವನು ಕರೆದದ್ದೇ ಗಿರಾಕಿಗಳ ಬಾಯಲ್ಲೂ ನಿಂತಿತ್ತು. ಗಂಡ ತೀರಿಕೊಂಡ ಮೇಲೆ ಕಾಲಿನ ಪಟ್ಟಿ ಹೊಲಿಯಲು ಬಂದವಳು ಹತ್ತು ವರ್ಷದಲ್ಲಿ ಕಂಪ್ಯೂಟರಿನ ಹೊಣೆಯನ್ನೂ ಹೊತ್ತುಕೊಂಡಿದ್ದಳು. ಕಾಲಿನ ಅಚ್ಚು ಕೊರೆಯುವ ಯಂತ್ರ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಮಾತನ್ನಷ್ಟೇ ಕೇಳುತ್ತಿತ್ತು; ಉಳಿದ ಕೆಲಸಕ್ಕೆ ಹೊಸದು ಬೇಕಿತ್ತು. ಪುಸ್ತಕ ಓದಿಕೊಂಡು ಒಂದೇ ಡಿಸ್ಕನ್ನು ಅವಳೇ ಮೂರು ಭಾಗ ಮಾಡಿದ್ದಳು: ಮೊದಲನೆಯದರಲ್ಲಿ ಹಳೆಯದು, ಎರಡನೆಯದರಲ್ಲಿ ಹೊಸದು, ಮೂರನೆಯದರಲ್ಲಿ ಗಿರಾಕಿಗಳ ಅಳತೆಗಳು.

ಆ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ.

ಹೊರಗಿನ ಬೆಂಚಿನ ಮೇಲೆ ಶಾಲೆಯ ಟೀಚರೊಬ್ಬರು ಊರುಗೋಲು ಒರಗಿಸಿಕೊಂಡು ಕೂತಿದ್ದರು. ಅವರ ಎಂಟು ತಿಂಗಳ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು. ಇವತ್ತು ಅಚ್ಚು ಕೊರೆದರೆ ಮಾತ್ರ ಅಷ್ಟರೊಳಗೆ ಕಾಲು ಸಿದ್ಧವಾಗುತ್ತಿತ್ತು.

ಮೈದುನ ರಿಪೇರಿಯವನಿಗೆ ಫೋನ್ ಮಾಡಿ ಬಂದ. “ಡಿಸ್ಕ್ ಪೂರ್ತಿ ಅಳಿಸಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡೋಣ ಅಂತಾನೆ ಅತ್ತಿಗೆ. ಒಂದು ಗಂಟೆ ಕೆಲಸವಂತೆ.”

“ಏನನ್ನ ಹಾಕ್ತಾನೆ? ಯಂತ್ರ ಓಡಿಸೋ ಸಾಫ್ಟ್‌ವೇರ್ ಕೊಟ್ಟ ಕಂಪನಿನೇ ಬಾಗಿಲು ಹಾಕಿದೆ. ಅಷ್ಟು ಜನರ ಅಳತೆ ಅವನು ವಾಪಸ್ ಕೊಡ್ತಾನಾ?”

ಅವನು ಮೇಜಿನ ಮೇಲಿದ್ದ ಅರವನ್ನು ಎತ್ತಿಕೊಂಡು ಒರೆಸತೊಡಗಿದ. ಎಂದೂ ಉಪಕರಣ ಒರೆಸದವನು ಒರೆಸುವುದನ್ನು ಕಂಡು ಅವಳಿಗೆ ಅನುಮಾನ ಬಂತು.

“ನಿನ್ನೆ ಇದನ್ನ ಮುಟ್ಟಿದ್ಯಾ?”

“ಇಲ್ಲ.” ಕೈಯಲ್ಲಿದ್ದ ಅರವನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

“ಬೈಯೋಕೆ ಕೇಳ್ತಿಲ್ಲ. ಏನಾಗಿದೆ ಅಂತ ತಿಳೀದೆ ಕೈ ಹಾಕಿದ್ರೆ ಇರೋದೂ ಹೋಗುತ್ತೆ.”

“ಅಳತೆ ತೆರೆಯೋಕೆ ತುಂಬ ಹೊತ್ತು ಹಿಡೀತಿತ್ತು,” ಎಂದ ನೆಲ ನೋಡುತ್ತ. “ಆ ಭಾಗದ ಮೇಲೆ ಒತ್ತಿದ್ರೆ ‘ಆ್ಯಕ್ಟಿವ್ ಮಾಡು’ ಅಂತ ಬಂತು. ಚುರುಕಾಗುತ್ತೆ ಅಂದ್ಕೊಂಡೆ.”

ಅವಳಿಗೆ ಹೋದ ಜೀವ ಬಂದಂತಾಯಿತು. ಆ್ಯಕ್ಟಿವ್ ಗುರುತು ಯಾವ ಭಾಗಕ್ಕಿದೆಯೋ ಕಂಪ್ಯೂಟರ್ ಶುರುವಾಗಲು ಅಲ್ಲೇ ಹುಡುಕುತ್ತದೆ. ಈಗ ಅದು ಹುಡುಕುತ್ತಿದ್ದದ್ದು ಬರೀ ಅಳತೆಗಳಿದ್ದ ಜಾಗದಲ್ಲಿ. ಏನೂ ಅಳಿಸಿಹೋಗಿರಲಿಲ್ಲ, ಗುರುತು ಮೊದಲನೆಯ ಭಾಗಕ್ಕೆ ಮರಳಬೇಕಿತ್ತು, ಅಷ್ಟೇ.

ಅವಳು ತುರ್ತಿಗೆಂದು ಇಟ್ಟಿದ್ದ ಸಿ.ಡಿ. ಹಾಕಿದಳು. ಮೂರೂ ಭಾಗಗಳು ಕಂಡವು, ಹೆಸರುಗಳಿಲ್ಲದೆ. ಮೊದಲೆರಡರ ಗಾತ್ರವೂ ಒಂದೇ. ಒಂದೊಂದನ್ನೂ ತೆರೆದು, ಕಂಪ್ಯೂಟರನ್ನು ಶುರು ಮಾಡುವ ಕಡತಗಳು ಎಲ್ಲಿವೆಯೆಂದು ನೋಡಿ ಮೊದಲನೆಯದನ್ನು ಗುರುತಿಸಿಕೊಂಡಳು. ಗುರುತು ಹಾಕುವ ಸಾಲಿನ ಕೆಳಗೇ ‘ಫಾರ್ಮ್ಯಾಟ್’ ಕೂತಿತ್ತು. ಮೌಸ್ ಮೊದಲೇ ಹಳೆಯದು, ಜಾರುತ್ತಿತ್ತು. ಅವಳು ಅದರ ವೈರನ್ನೇ ಕಿತ್ತು ಪಕ್ಕಕ್ಕಿಟ್ಟು, ಬಾಣದ ಕೀಲಿಗಳಿಂದ ಒಂದೊಂದೇ ಸಾಲು ಇಳಿದಳು. ಸಾಲನ್ನು ಎರಡು ಸಲ ಓದಿ ಎಂಟರ್ ಒತ್ತಿದಳು.

ಸಿ.ಡಿ. ತೆಗೆದು ಕಂಪ್ಯೂಟರನ್ನು ಮತ್ತೆ ಶುರು ಮಾಡಿದಳು. ಪರದೆ ಕಪ್ಪಾಯಿತು. ಮೈದುನ ಅವಳ ಹೆಗಲ ಹಿಂದಿನಿಂದ ಬಗ್ಗಿ ನೋಡಿದ. ಆಮೇಲೆ ಹಳೆಯದು, ಹೊಸದು ಎರಡರ ಹೆಸರೂ ಒಂದರ ಕೆಳಗೊಂದು ಮೂಡಿದವು.

“ಕೊರೆಯೋಕೆ ಶುರು ಮಾಡ್ಲಾ?”

“ತಡಿ. ಮೊದಲು ಅಳತೆಗಳ ಇನ್ನೊಂದು ಪ್ರತಿ ಆಗಲಿ.”

“ಟೀಚರ್ ಕಾಯ್ತಿದಾರೆ ಅತ್ತಿಗೆ.”

“ಅರ್ಧ ಗಂಟೆ ಕಾಯ್ತಾರೆ. ನಾನೇ ಹೇಳಿ ಬರ್ತೀನಿ.”

ಹನ್ನೊಂದರ ಹೊತ್ತಿಗೆ ಯಂತ್ರ ಸದ್ದು ಮಾಡತೊಡಗಿತು. ಕ್ಷಮೆ ಕೇಳುವುದು ಮೈದುನನಿಗೆ ಬರುತ್ತಿರಲಿಲ್ಲ. ಮಧ್ಯಾಹ್ನ ತನ್ನ ಡಬ್ಬಿ ಬಿಚ್ಚಿ ಮೊದಲು ಅವಳ ತಟ್ಟೆಗೆ ಬಡಿಸಿದ. ಟೀಚರ್ ಸೋಮವಾರ ಹೊಸ ಕಾಲಿನಲ್ಲಿ ಶಾಲೆಗೆ ಹೋದರು, ಮಂಡಿಯ ಕೆಳಗೆ ಒತ್ತುತ್ತಿದೆಯೆಂದು ಬುಧವಾರ ಮತ್ತೆ ಬಂದರು.